ಭೂಪಾಲಗೌಡರ ಎದೆಪಟ್ಟಿ

ಇದನ್ನು ಬರೆದುಕೊಡಿ ಎಂದು ಆಸ್ಪತ್ರೆಯ ಹೊಸ ಡ್ರೆಸ್ಸರುಗಳು ಕೇಳಿ ಬಹಳ ದಿನವಾಯಿತು. ನಾನು ಮುಂದಕ್ಕೆ ಹಾಕುತ್ತಲೇ ಬಂದೆ. ಮೊದಲು ಕಣ್ಣಿನ ಪೊರೆ ತೆಗೆಸಿಕೊಳ್ಳುತ್ತೇನೆ ಎಂದೆ. ತೆಗೆಸಿದ ಮೇಲೆ ಚಾಳೀಸು ಬರಲಿ ಎಂದೆ. ಚಾಳೀಸು ಬಂದ ಮೇಲೆ ಒಳ್ಳೆಯ ಪೆನ್ನು ಇಲ್ಲ ಎಂದೆ. ಮೊಮ್ಮಗಳು ಪೆನ್ನು ತಂದುಕೊಟ್ಟಳು. ಈಗ ನೆಪಗಳೆಲ್ಲ ಮುಗಿದಿವೆ.

ಗಾಯ ತೊಳೆಯುವುದು, ಕಟ್ಟುವುದು, ಹೊಲಿಗೆ ಬಿಚ್ಚುವುದು ಹೇಳಿಕೊಡಲು ಸುಲಭ. ಆದರೆ ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ನಾನೇ ಮಾಡಿದ ಒಂದು ಹೊಲಸು ಕೆಲಸದೊಳಗೆ ಸಿಕ್ಕಿಕೊಂಡಿದೆ. ಅದರಿಂದ ಇಬ್ಬರಿಗೆ ಅನ್ಯಾಯವಾಯಿತು. ಒಬ್ಬರ ಕ್ಷಮೆ ಕೇಳಿದೆ. ಇನ್ನೊಬ್ಬರದನ್ನು ಕೇಳಲಿಲ್ಲ.

ನಮ್ಮದು ಅಥಣಿ. ಅಪ್ಪ ಚಪ್ಪಲಿ ಹೊಲಿಯುತ್ತಿದ್ದ, ಅಪ್ಪನ ನಂತರ ಅಣ್ಣ. ಮಹಾರಾಷ್ಟ್ರದ ಊರಿನ ಹೆಸರು ಹೊತ್ತು ಮಾರಾಟವಾಗುವ ಆ ಚಪ್ಪಲಿಗಳಲ್ಲಿ ಎಷ್ಟೋ ಜೊತೆ ನಮ್ಮ ಓಣಿಯಲ್ಲಿ ಹುಟ್ಟಿದವು. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಅಣ್ಣ ಓಣಿಗೆಲ್ಲ ಪೇಢೆ ಹಂಚಿದ್ದ. ಎಂಬತ್ತರ ದಶಕದ ಮೊದಲಲ್ಲಿ ಚಿಕ್ಕೋಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡ್ರೆಸ್ಸರ್ ಕೆಲಸ ಸಿಕ್ಕಿತು. ಆಸ್ಪತ್ರೆಯ ಸರ್ಜನ್ನರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ನನ್ನ ಸರ್ಟಿಫಿಕೇಟು, ಅದರಲ್ಲಿದ್ದ ಅಡ್ಡಹೆಸರು ಎರಡನ್ನೂ ಅವರು ನೋಡಿದರು, ಏನೂ ಅನ್ನಲಿಲ್ಲ. ಕೇಳಿದ್ದು ಒಂದೇ.

"ರಕ್ತ ಕಂಡ್ರ ಚಕ್ಕರ್ ಬರತೈತೇನು?"

"ಇಲ್ರಿ."

"ಹಂಗಾರ ನಾಳೆ ಬಾ."

ಸುಳ್ಳು ಹೇಳು ಎಂದು ನನಗೆ ಯಾರೂ ಹೇಳಲಿಲ್ಲ. ಬಾಡಿಗೆ ಖೋಲಿಯ ಮಾಲಕ ಮನೆಯಲ್ಲಿ ಏನು ಮಾಡುತ್ತಾರೆ ಎಂದಾಗ "ಒಕ್ಕಲತನ" ಎಂದುಬಿಟ್ಟೆ. ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡೆ. ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ಅಥಣಿ ಎಂದೇ ಕರೆದರು. ಒಕ್ಕಲತನ ಎಂದ ಮೇಲೆ ಹೊಲ ಬೇಕಲ್ಲ. ತೆಲಸಂಗದ ಕಡೆ ಒಂದು ಹೊಲ ಇಟ್ಟೆ. ಹೊಲ ಇದ್ದ ಮೇಲೆ ಎತ್ತು ಬೇಕು. ಎರಡು ಎತ್ತು ಕಟ್ಟಿದೆ, ಹೆಸರೂ ಇಟ್ಟೆ. ಮಳೆಯಾದಾಗಲೆಲ್ಲ ಸಿಸ್ಟರು "ನಿಮ್ಮ ಕಡೆ ಹದ ಆತೇನ್ರಿ" ಎಂದು ಕೇಳುತ್ತಿದ್ದರು. ಇಲ್ಲದ ಜೋಳದ ಬೆಳೆಯ ವರದಿ ಒಪ್ಪಿಸಿ ಒಪ್ಪಿಸಿ ಸಾಕಾಗಿ, ಒಂದು ವರ್ಷ ಒಂದು ಎತ್ತನ್ನು ಕೊಂದೆ. ಸಿಸ್ಟರು ಅಂದು ಮಧ್ಯಾಹ್ನ ಊಟ ಮಾಡಲಿಲ್ಲ.

ಕೆಲಸದ ವಿಷಯಕ್ಕೆ ಬರುತ್ತೇನೆ. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ದುಡಿಯುತ್ತಿದ್ದ ತಾನುಬಾಯಿ ಎಂಬಾಕೆ ಒಮ್ಮೆ ಎದೆಯ ಪಕ್ಕದಲ್ಲಿ ಲಿಂಬೆಹಣ್ಣಿನಷ್ಟು ಉಬ್ಬು ಹೊತ್ತು ಬಂದಳು. ಹಿಂದೆ ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಆಕೆಯ ಪುಪ್ಪುಸದ, ಅಂದರೆ ಶ್ವಾಸಕೋಶದ, ಆಪರೇಷನ್ ಆಗಿತ್ತು. ಉಬ್ಬು ಹಳೆಯ ಗಾಯದ ಕಲೆಯ ಮೇಲೇ ಇತ್ತು. ಸಾಹೇಬರು ಊರಲ್ಲಿರಲಿಲ್ಲ. ಕೀವು ಕಟ್ಟಿದ ಬಾವು ಎಂದು ನಾನೇ ತೀರ್ಮಾನಿಸಿ, ಹಣ್ಣಾಗಲಿ ಎಂದು ಬಿಸಿ ಹಿಟ್ಟಿನ ಪೋಟೀಸು ಕಟ್ಟಿದೆ. ಆಕೆ ಮಲಗಿದರೆ ಉಬ್ಬು ಮಾಯವಾಗುತ್ತಿತ್ತು, ಕೆಮ್ಮಿದರೆ ಬರುತ್ತಿತ್ತು.

"ಇದೇನ್ರಿ, ಆಟ ಆಡಾಕತ್ತೈತಿ?" ಎಂದಳು ತಾನುಬಾಯಿ.

"ಔಷಧಕ್ಕ ಹೆದರಿ ಒಳಗ ಹೊಂಟೈತಿ" ಎಂದೆ. ಅಷ್ಟು ಧೈರ್ಯ ಆಗ ನನಗಿತ್ತು.

ಸಾಹೇಬರು ಬಂದಾಗ ನಾನು ಟ್ರೇಯಲ್ಲಿ ಚಾಕು, ಕೀವಿಗೆ ಬೋಗುಣಿ ಎಲ್ಲ ಜೋಡಿಸಿ ನಿಂತಿದ್ದೆ. ಅವರು ಚಾಕು ಮುಟ್ಟಲಿಲ್ಲ. "ಕೆಮ್ಮು ಬಾಯಿ" ಎಂದು ಉಬ್ಬಿನ ಮೇಲೆ ಬೆರಳಿಟ್ಟರು. ನನ್ನ ಬೆರಳನ್ನೂ ಎಳೆದು ಇಡಿಸಿದರು. ಒದ್ದೆ ಸ್ಪಂಜು ಅದುಮಿದಂತೆ ಚರಚರ ಎಂದಿತು.

"ಇದು ಕೀವಲ್ಲೋ ಅಥಣಿ, ಪುಪ್ಪುಸ. ಎದಿ ಹರ್ನಿಯಾ. ಚಾಕು ಹಾಕಿದ್ರ ಆಕಿ ಉಸರು ಇಲ್ಲೇ ಹೋಗತಿತ್ತು, ನೀ ಜೇಲಿಗೆ ಹೋಗತಿದ್ದಿ."

ಎದೆ ತೆರೆಯಲು ಎರಡು ಪಕ್ಕೆಲುಬಿನ ನಡುವೆ ಕೊಯ್ದು ಅವನ್ನು ಸಲಕರಣೆಯಿಂದ ಅಗಲಿಸುತ್ತಾರೆ. ಮುಚ್ಚುವಾಗ ಹೊಲಿಗೆ ಸರಿಯಾಗಿಯೇ ಬಿದ್ದಿರುತ್ತದೆ. ಕೆಲವರಿಗೆ ಮಾತ್ರ, ಕೆಮ್ಮು ನಿಲ್ಲದೆಯೋ, ಗಾಯ ಕೆಟ್ಟೋ, ಮೈಯಲ್ಲಿ ಕಸುವಿಲ್ಲದೆಯೋ, ಒಳಗಿನ ಪದರು ಬಿಟ್ಟುಕೊಳ್ಳುತ್ತದೆ. ಮೇಲಿನ ಚರ್ಮ ಏನೂ ಗೊತ್ತಿಲ್ಲದಂತೆ ಗಟ್ಟಿಯಾಗಿರುತ್ತದೆ. ಸಾಹೇಬರು ತಾನುಬಾಯಿಗೆ ಸೈಕಲ್ಲಿನ ಉದಾಹರಣೆ ಕೊಟ್ಟರು. ಟೈರು ಹರಿದ ಜಾಗದಲ್ಲಿ ಟ್ಯೂಬು ಇಣುಕುತ್ತದಲ್ಲ, ಹಾಗೆ.

"ಅಂದ್ರ ನಾ ಪಂಚರ್ ಆಗೀನೇನ್ರಿ?"

"ಇನ್ನೂ ಆಗಿಲ್ಲ. ಈ ಅಥಣಿ ಮಾಡತಿದ್ದ."

ಆದ್ದರಿಂದ ನೀವು ಮೊದಲು ಕೆಮ್ಮಿಸಿ, ಆಮೇಲೆ ಟ್ರೇ ಜೋಡಿಸಿ.

ಕಾಗವಾಡದ ಕಡೆಯ ಭೂಪಾಲಗೌಡರು ಬಂದದ್ದು ಕೆಲವು ವರ್ಷಗಳ ಮೇಲೆ. ಜೈನರು, ಕಬ್ಬು ದ್ರಾಕ್ಷಿ ಬೆಳೆಯುವ ಮನೆತನ. ಆದರೆ ಅವರ ಹೆಸರು ನಡೆಯುತ್ತಿದ್ದುದು ಗಂಟಲಿನಿಂದ. ಬಸದಿಯಲ್ಲಿ ಪೂಜೆಯ ದಿನ ಮೊದಲ ಕಲಶದ ಅಭಿಷೇಕ ಯಾರದು, ಆರತಿ ಯಾರದು ಎಂದು ಭಕ್ತರ ನಡುವೆ ಸವಾಲು ಕೂಗುತ್ತಾರೆ. ಹೆಚ್ಚು ಹೇಳಿದವರಿಗೆ ಆ ಪುಣ್ಯ, ಹಣ ಬಸದಿಗೆ. ಆ ಸವಾಲು ಕರೆಯುವವರು ಭೂಪಾಲಗೌಡರು. ಅವರು "ಒಂದ ಸಲ" ಎಂದರೆ ಕೃಷ್ಣೆಯ ಆಚೆ ದಂಡೆಗೆ ಕೇಳುತ್ತದೆ ಎಂದು ಜನ ಹೇಳುತ್ತಿದ್ದರು. ಅವರಿಗೂ ಪುಪ್ಪುಸದ ಆಪರೇಷನ್ ಆಗಿ, ಬಲ ಕಂಕುಳ ಕೆಳಗೆ ಮುಂದಕ್ಕೆ, ಕಿತ್ತಳೆ ಹಣ್ಣಿನಷ್ಟು ಉಬ್ಬು ಬಂದಿತ್ತು. ಸುಮ್ಮನಿದ್ದರೆ ಇಲ್ಲ. ಸವಾಲು ಕೂಗಿದರೆ ಬರುತ್ತದೆ.

"ಹರ್ನಿಯಾ" ಎಂದರು ಸಾಹೇಬರು.

ಗೌಡರಿಗೆ ಸಿಟ್ಟು ಬಂತು. "ಹರ್ನಿಯಾ ಕೆಳಗ ಆಗೂದ್ರೀ ಸಾಹೇಬ್ರ. ನನಗ ಮ್ಯಾಲ ಆಗೈತಿ. ಊರಾಗ ಹೆಂಗ ಹೇಳ್ಲಿ?"

ಊರಿನಲ್ಲಿ ಹೇಳುವ ಅಗತ್ಯವೇ ಇರಲಿಲ್ಲ. ಬಿಳಿ ಅಂಗಿಯೊಳಗಿಂದ ಉಬ್ಬು ಎಲ್ಲರಿಗೂ ಕಾಣುತ್ತಿತ್ತು. "ಒಂದ ಸಲ" ಎಂದಾಗ ಸ್ವಲ್ಪ, "ಎರಡ ಸಲ" ಎಂದಾಗ ಪೂರ್ತಿ. ಜನ ಸವಾಲು ಬಿಟ್ಟು ಉಬ್ಬು ನೋಡತೊಡಗಿದರು. ಕೆಲವರು ಅದು ಪೂರ್ತಿ ಬರುವವರೆಗೆ ಬಾಯಿ ಬಿಡುತ್ತಿರಲಿಲ್ಲ, ಬಂದ ಕೂಡಲೇ ಏರಿಸುತ್ತಿದ್ದರು. ಒಮ್ಮೆ ಕಲಶ ತಪ್ಪಿಸಿಕೊಂಡ ವ್ಯಾಪಾರಿಯೊಬ್ಬ ಸಭೆಯಲ್ಲೇ ತಕರಾರು ತೆಗೆದನಂತೆ: "ನನ್ನ ಪಾಳಿಗೆ ಗೌಡ್ರ ಗಂಟು ಲಗೂನ ಬಂತು. ಅದು ಅವರ ಬೀಗರ ಕಡೆ ಐತಿ."

ಮತ್ತೆ ಆಪರೇಷನ್ ಮಾಡಿ ಪಕ್ಕೆಲುಬುಗಳನ್ನು ಹತ್ತಿರ ಎಳೆದು ಬಿಗಿಯಬೇಕು, ಇಲ್ಲವಾದರೆ ಮೆತ್ತೆಯಿರುವ ಪಟ್ಟಿ ಕಟ್ಟಿಕೊಂಡು ಕೂಗುವುದನ್ನು ಬಿಡಬೇಕು ಎಂದರು ಸಾಹೇಬರು. ಗೌಡರು ಆಪರೇಷನ್ ಒಲ್ಲೆ ಎಂದರು. ಕೂಗುವುದನ್ನು ಬಿಡುವುದೂ ಆಗದು.

"ಅಪ್ಪ ಕರದಾನ, ಅಜ್ಜ ಕರದಾನ. ಸವಾಲ್ ಬಿಟ್ಟು ಬಸದ್ಯಾಗ ಕುಂತ್ರ ನನ್ನ ಯಾರು ಅಂತ ಕೇಳ್ತಾರ್ರಿ. ಪಟ್ಟಿ ಕೊಡ್ರಿ, ಕಟಗೊಂಡ ಕರೀತೀನಿ."

ಪಟ್ಟಿಯ ಜವಾಬ್ದಾರಿ ನನ್ನ ಮೇಲೆ ಬಿತ್ತು. ಆಗ ಪೇಟೆಯಲ್ಲಿ ಸಿಗುತ್ತಿದ್ದುದು ಹೊಟ್ಟೆಯ ಪಟ್ಟಿ. ಎದೆಗೆ ಕಟ್ಟಿದರೆ ಉಸಿರು ಬಿಟ್ಟಾಗ ಸೊಂಟಕ್ಕೆ ಇಳಿಯುತ್ತಿತ್ತು. ರುಮಾಲು ಸುತ್ತಿ ನೋಡಿದೆ, ಗೌಡರು ಬೆವರಿ ಕೂತರು. ಅರ್ಧ ತೆಂಗಿನ ಚಿಪ್ಪಿಗೆ ಹತ್ತಿ ತುಂಬಿ ಕಟ್ಟಿದೆ. ಒಂದು ಮದುವೆಯಲ್ಲಿ ಬೀಗರು ಅಪ್ಪಿಕೊಂಡಾಗ ಅದು ಟಕ್ಕೆಂದಿತು, ಬೀಗರು ಗೌಡರ ಪಕ್ಕೆಲುಬು ಮುರಿಯಿತೆಂದು ಗಾಬರಿಯಾದರು. ರಬ್ಬರ್ ಚೆಂಡು ಕೊಯ್ದು ಅರ್ಧ ಇಟ್ಟೆ. ಅದು ಸಹಕಾರಿ ಸಂಘದ ಸಭೆಯಲ್ಲಿ ಅಂಗಿಯ ಗುಂಡಿಗಳ ನಡುವಿನಿಂದ ಹಾರಿ ಅಧ್ಯಕ್ಷರ ಚಹಾದ ಬಟ್ಟಲಿಗೆ ಬಿತ್ತು.

ಕಡೆಗೆ ಅಥಣಿಗೆ ಹೋಗಿ ಅಣ್ಣನ ಮುಂದೆ ಅಳತೆ ಇಟ್ಟೆ.

"ಯಾರಿಗೋ ಇದು?" ಎಂದು ಅಣ್ಣ ಕೇಳಿದ.

"ಒಬ್ಬ ಪೇಶಂಟ್‌ಗ."

"ಅದು ತಿಳೀತು. ಯಾವ ಊರಾಂವ, ಏನ್ ಮಾಡ್ತಾನ?"

"ನಿನಗ್ಯಾಕ? ಮೆತ್ತಗಿನ ಚರ್ಮ ಹಾಕು, ಮ್ಯಾಲ ಬಿಳಿ ಅರಿವಿ ಹೊಲಿ" ಎಂದೆ. ಅಣ್ಣನಿಗೆ ಹೆಸರು ಹೇಳಿದರೆ ಪಟ್ಟಿ ಸರಿಯಾಯಿತೇ ಎಂದು ನೋಡಲು ಚಿಕ್ಕೋಡಿಗೆ ಬಂದಾನು ಎಂಬ ಭಯ. ಬಂದರೆ ನನ್ನ ಹೊಲ, ಎತ್ತು ಎಲ್ಲ ಹೋಗುತ್ತಿತ್ತು.

ಪಟ್ಟಿ ಚೆನ್ನಾಗಿ ಬಂತು. ಸಾಹೇಬರೇ ಕಟ್ಟಿಸಿ, ಕೂಗಿಸಿ, ಉಸಿರಾಟ ನೋಡಿ ಒಪ್ಪಿದರು. ಗೌಡರು ಅದನ್ನು ಕೈಯಲ್ಲಿ ತೂಗುತ್ತ ಕೇಳಿದರು: "ಇದರಾಗ ಚರ್ಮ ಇಲ್ಲಲ್ರಿ? ನಾ ಇದನ್ನ ಕಟಗೊಂಡ ಬಸದಿ ಒಳಗ ಹೋಗಾಂವ."

ಬಸದಿಯೊಳಗೆ ಚರ್ಮ ಒಯ್ಯುವಂತಿಲ್ಲ ಎಂಬುದು ನಮ್ಮ ಭಾಗದಲ್ಲಿ ಯಾರಿಗೆ ಗೊತ್ತಿಲ್ಲ? ನನಗೂ ಗೊತ್ತಿತ್ತು. ಆದರೆ ಅಷ್ಟು ಸೋಲಿನ ಮೇಲೆ ಕೈಗೆ ಬಂದ ಪಟ್ಟಿ, ಸಾಹೇಬರು ಪಕ್ಕದಲ್ಲೇ ನಿಂತು ಬೆನ್ನು ತಟ್ಟಿದ್ದರು.

"ಇಲ್ರಿ ಗೌಡ್ರ. ರೆಗ್ಜಿನ್" ಎಂದೆ.

ಮುಂದೆ ಅವರ ಬಸದಿಯ ಪೂಜೆಗೆ ನನ್ನನ್ನೇ ಅತಿಥಿಯಾಗಿ ಕರೆದರು. ಹಾರ ಹಾಕಿ ಮುಂದಿನ ಸಾಲಿನಲ್ಲಿ ಕೂಡಿಸಿದರು. ಗೌಡರು ಸವಾಲು ಕರೆದರು, ಉಬ್ಬು ಬರಲಿಲ್ಲ. ಉಬ್ಬು ನೋಡಲೆಂದೇ ಬಂದಿದ್ದ ಕೆಲವರಿಗೆ ಬೇಸರವಾದದ್ದು ಕಾಣುತ್ತಿತ್ತು. ಅಭಿಷೇಕ ಶುರುವಾಯಿತು. ಗೌಡರೂ ಕೊಡ ಹೊತ್ತು ಕೊಡುತ್ತ ನಿಂತರು. ನೀರು, ಹಾಲು, ಎಳನೀರು ಮೈಮೇಲೆ ಸಿಡಿದು ಅಂಗಿ ತೊಯ್ದಿತು.

ಪೂಜೆ ಮಾಡಿಸುತ್ತಿದ್ದ ಉಪಾಧ್ಯೆಯವರು ಮೂಗು ಮೇಲೆತ್ತಿದರು. "ಇಲ್ಲಿ ಚರ್ಮದ ವಾಸನಿ ಬರಾಕತ್ತೈತಿ. ಯಾರ ಕಡೆ ಐತಿ, ಹೊರಗ ಇಡ್ರಿ."

ಜನ ಕಿಸೆ ತಡಕಾಡಿದರು. ಒಬ್ಬರು ಮರೆತಿದ್ದ ಪಾಕೀಟು ಹೊರಗಿಟ್ಟರು. ಒಬ್ಬರು ವಾಚಿನ ಪಟ್ಟಿ ಬಿಚ್ಚಿದರು. ವಾಸನೆ ಹೋಗಲಿಲ್ಲ. ಅನುಮಾನ ಬಂದ ವಾಚುಗಳೆಲ್ಲ ಹೊರಗೆ ಹೋಗಿ ಕಟ್ಟೆಯ ಮೇಲೆ ರಾಶಿಯಾದವು. ಆಮೇಲೆ ಭಜನೆಯವರ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಕಣ್ಣು ಬಿತ್ತು.

"ಪೆಟಗಿ ಗಾಳಿ ಚೀಲದಾಗ ಚರ್ಮ ಇರತೈತಿ" ಎಂದರು ಒಬ್ಬರು.

"ಅಷ್ಟ ವರ್ಷದಿಂದ ಬಾರಿಸಾಕತ್ತೀವಿ, ಇವತ್ತ ವಾಸನಿ ಬಂತೇನು?" ಎಂದು ಭಜನೆಯವರು ಎದ್ದರು. "ಹಂಗಾರ ಡೋಲು?"

"ಡೋಲು ಬಾಗಲಾ ದಾಟಿ ಬಂದಿಲ್ಲ, ಹೊರಗ ಕುಂತ ಬಾರಸಾಕತ್ತಾರ."

"ಸಪ್ಪಳ ಒಳಗ ಬಂದೈತಲ್ಲ?"

ಅಭಿಷೇಕ ನಿಲ್ಲಿಸಿ ಈ ವಾದ ನಡೆಯಿತು. ಪೆಟ್ಟಿಗೆ ಹೊರಗೆ ಹೋಯಿತು. ಭಜನೆಯವರು ಅದರ ಹಿಂದೆ ಹೋದರು. ವಾಸನೆ ಮಾತ್ರ ಗೌಡರು ನಿಂತಲ್ಲೇ ಇತ್ತು. ನಾನು ಹಾರ ಹಾಕಿಕೊಂಡು ಕುಳಿತೇ ಇದ್ದೆ. ಆಗ ಗೌಡರು ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ಒದ್ದೆಯಾದ ಬಿಳಿ ಬಟ್ಟೆಯಿಂದ ಕಂದು ಬಣ್ಣ ಬಿಟ್ಟು ಅಂಗಿಗೆ ಹತ್ತಿತ್ತು. ಅವರು ಹೊರಗೆ ಹೋಗಿ ಪಟ್ಟಿ ಬಿಚ್ಚಿ, ಕಟ್ಟೆಯ ಮೇಲಿಟ್ಟು, ನನ್ನನ್ನು ಕರೆದರು.

"ಕಂಪೌಂಡರ್, ಇದು ಏನರಿ?"

ಅಷ್ಟು ಜನರೆದುರು ಹೇಳಿದೆ: "ನಾ ರೆಗ್ಜಿನ್ ಹೇಳಿದ್ನಿರಿ ಗೌಡ್ರ. ಅಥಣ್ಯಾಗ ಒಬ್ಬಾಂವ ಚಪ್ಪಲಿ ಹೊಲಿಯಾಂವ. ಅಂವ ಮೋಸ ಮಾಡ್ಯಾನ. ಅಂಥಾ ಪರಿಚಯ ಇಲ್ರಿ ಅವಂದು."

"ನಡೀರಿ, ಅವನ್ನ ಕೇಳೂನು" ಎಂದರು ಹಿರಿಯರು.

ಗೌಡರು, ಇಬ್ಬರು ಹಿರಿಯರು, ನಾನು ಜೀಪಿನಲ್ಲಿ ಹೊರಟೆವು. ಹುಟ್ಟಿ ಬೆಳೆದ ಓಣಿಗೆ ದಾರಿ ಗೊತ್ತಿಲ್ಲದವನಂತೆ ಎರಡು ಕಡೆ ಇಳಿದು ವಿಚಾರಿಸಿದೆ. ನಾನು ಕೇಳಿದವನೊಬ್ಬ ನನ್ನ ಜೊತೆ ಶಾಲೆಗೆ ಬಂದವನು. ಅವನು ಬಾಯಿ ತೆರೆದು ನೋಡುತ್ತ ನಿಂತ. ಅಂಗಡಿಯ ಮುಂದೆ ಇಳಿದರೆ ನಮ್ಮ ಮನೆಯ ನಾಯಿ ಓಡಿ ಬಂದು ನನ್ನ ಎದೆಗೆ ಕಾಲು ಕೊಟ್ಟಿತು.

"ನಿಮ್ಮ ಮ್ಯಾಲ ಭಾಳ ಪ್ರೀತಿ ಐತಲ್ಲ ಇದಕ್ಕ" ಎಂದರು ಒಬ್ಬ ಹಿರಿಯರು.

"ಕೈಗೆ ಡ್ರೆಸಿಂಗ್ ವಾಸನಿ ಇರತೈತ್ರಿ" ಎಂದೆ.

ಹಿರಿಯರು ಪಟ್ಟಿಯನ್ನು ಕೋಲಿನ ತುದಿಯಲ್ಲಿ ಹಿಡಿದು ಅಣ್ಣನ ಮುಂದೆ ಹಾಕಿದರು. "ನೀನ ಮಾಡಿದ್ದೇನು ಇದನ್ನ?"

"ಹೌದ್ರಿ."

"ಇವರು ರೆಗ್ಜಿನ್ ಹೇಳಿದ್ರ ಚರ್ಮ ಯಾಕ ಹಾಕ್ದಿ? ಇದನ್ನ ಕಟಗೊಂಡ ಗೌಡ್ರು ಬಸದಿ ಒಳಗ ನಿಂತಿದ್ರು."

ಅಣ್ಣ ಗೌಡರನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನನ್ನ ಕೊರಳಲ್ಲಿ ಹಾರ ಇನ್ನೂ ಇತ್ತು, ತೆಗೆಯಲು ಮರೆತಿದ್ದೆ. ಒಂದು ಮಾತು ಹೇಳಿದ್ದರೆ ಅಣ್ಣನ ತಪ್ಪಿಲ್ಲವೆಂದು ಆಗುತ್ತಿತ್ತು. ಆ ಮಾತನ್ನು ನಾನೂ ಹೇಳಲಿಲ್ಲ, ಅವನೂ ಹೇಳಲಿಲ್ಲ.

"ತಪ್ಪು ನಂದರಿ" ಎಂದ ಅಣ್ಣ. "ಕೈಗೆ ಸಿಕ್ಕದ್ದು ಹೊಲದ್ನಿ. ಈ ಸಾಹೇಬ್ರದು ಏನೂ ಇಲ್ಲ."

ಒಳಗಿನಿಂದ ಅಣ್ಣನ ಹೆಂಡತಿ, ನಮ್ಮ ವೈನಿ, ಚಹಾ ತಂದಳು. ಊರಿಗೆ ಹೋದಾಗ ನಾನು ಕುಡಿಯುವ ದೊಡ್ಡ ಲೋಟವೂ ಅದರಲ್ಲಿತ್ತು. "ಹೊತ್ತು ಮುಳಗಿತವಾ, ಇನ್ನ ನಾವು ಏನೂ ತಗೊಳ್ಳಂಗಿಲ್ಲ" ಎಂದರು ಹಿರಿಯರು. ಹೊತ್ತು ಮುಳುಗಿದ ಮೇಲೆ ಜೈನರು ಉಣ್ಣುವುದಿಲ್ಲ ನಿಜ, ಆದರೆ ಹೊತ್ತು ಎದುರು ಮನೆಯ ಮಾಳಿಗೆಯ ಮೇಲೆ ಕೆಂಪಗೆ ನಿಂತೇ ಇತ್ತು. ವೈನಿ ನನ್ನ ಕಡೆ ತಿರುಗಿದಳು. "ನೀವರೆ ತಗೋರಿ ಸಾಹೇಬ್ರ."

"ನನಗೂ ಹೊತ್ತು ಮುಳಗಿತು" ಎಂದೆ.

ಭೂಪಾಲಗೌಡರು ಮುಂದೆ ಬಂದರು. ಅಂಗಿ ಬಿಚ್ಚಿ, ಕೈ ಮೇಲೆತ್ತಿ ಅಣ್ಣನ ಮುಂದೆ ನಿಂತರು. "ಆದದ್ದು ಆತು. ಕ್ಯಾನ್ವಾಸಿಂದು ಇನ್ನೊಂದ ಮಾಡಿ ಕೊಡಪಾ. ಅಳತಿ ತಗೋ."

ಅಣ್ಣ ಮುಟ್ಟಲು ಹಿಂಜರಿದ. "ತಗೋ ಅಂದ್ನೆಲ್ಲ" ಎಂದರು ಗೌಡರು. ಅಣ್ಣ ದಾರ ಸುತ್ತಿದ.

"ಕೂಗ್ರಿ ಗೌಡ್ರ. ಗಂಟು ಎಲ್ಲಿ ಬರತೈತಿ ನೋಡ್ತೀನಿ."

ಗೌಡರು "ಒಂದ ಸಲ" ಎಂದರು. ಓಣಿಯ ಬಾಗಿಲುಗಳೆಲ್ಲ ತೆರೆದವು. "ಎರಡ ಸಲ" ಎಂದಾಗ ಎದುರು ಮನೆಯ ಮುದುಕಿ ಹೊರಗೆ ಬಂದು, "ಏನ್ ಲಿಲಾವ್ರಿ, ಯಾರ ಮನಿ ಹೊಂಟೈತಿ?" ಎಂದು ಕೇಳಿದಳು. ಹಿರಿಯರು ಸಹ ನಕ್ಕರು. ನಾನೂ ನಕ್ಕೆ. ಅಣ್ಣ ಉಬ್ಬು ಬಂದ ಜಾಗದಲ್ಲಿ ಸೀಮೆಸುಣ್ಣದ ಗುರುತು ಹಾಕುತ್ತಿದ್ದ.

ಕ್ಯಾನ್ವಾಸಿನ ಪಟ್ಟಿ ಬಂತು. ಆದರೆ ಗೌಡರು ಪ್ರಾಯಶ್ಚಿತ್ತಕ್ಕೆಂದು ಉಪವಾಸ ಹಿಡಿದರು, ಒಂದು ವರ್ಷ ಸವಾಲು ಕರೆಯುವುದಿಲ್ಲ ಎಂದು ತಾವೇ ನಿಯಮ ಹಾಕಿಕೊಂಡರು. ಬದಲಿಗೆ ಕರೆದವರ ದನಿ ಎರಡನೆಯ ಸಾಲಿಗೂ ಕೇಳುತ್ತಿರಲಿಲ್ಲವಂತೆ. ಕಲಶ ಯಾರಿಗೆ ಹೋಯಿತೆಂದು ಜನ ಮನೆಗೆ ಹೋದ ಮೇಲೆ ವಿಚಾರಿಸುತ್ತಿದ್ದರಂತೆ. ಇತ್ತ ನಮ್ಮ ಓಣಿಯಲ್ಲಿ ಮೋಸದ ಸುದ್ದಿ ಹರಡಿ, ಆ ಕಡೆಯ ಊರುಗಳ ಗಿರಾಕಿಗಳು ಅಣ್ಣನ ಅಂಗಡಿ ಬಿಟ್ಟರು. ಇದನ್ನು ಅಣ್ಣ ಹೇಳಲಿಲ್ಲ. ವೈನಿ ಹೇಳಿದಳು.

ತೊಂಬತ್ತರ ದಶಕದಲ್ಲಿ ಕೆಲಸದ ರೀತಿ ಬದಲಾಯಿತು. ಅಗಲವಾದ ಸಂದನ್ನು ಮುಚ್ಚಲು ಸೊಳ್ಳೆ ಪರದೆಯಂಥ ಪ್ಲಾಸ್ಟಿಕ್ ಜಾಳಿಗೆ ಬಂತು. ಗೌಡರ ಗಂಟು ನೋಯತೊಡಗಿದಾಗ ಸಾಹೇಬರು ಅವರನ್ನು ಒಪ್ಪಿಸಿ ದೊಡ್ಡ ಊರಿಗೆ ಕಳಿಸಿದರು. ಪಕ್ಕೆಲುಬು ಬಿಗಿದು ಜಾಳಿಗೆ ಹಾಕಿದರು. ಹೊಲಿಗೆ ಬಿಚ್ಚಿಸಿಕೊಳ್ಳಲು ನಮ್ಮಲ್ಲಿಗೇ ಬಂದರು. ಕತ್ತರಿ ಕೈಯಲ್ಲಿ ಹಿಡಿದೇ ಅವರಿಗೆ ಎಲ್ಲ ಹೇಳಿದೆ. ಚರ್ಮವೆಂದು ನನಗೆ ಗೊತ್ತಿತ್ತು, ಹೊಲಿದವನು ನನ್ನ ಅಣ್ಣ, ತಪ್ಪಾಯಿತು ಎಂದೆ.

"ಮೊದಲ ಹೊಲಿಗಿ ಪೂರಾ ತಗೀರಿ." ಎಂದರು ಗೌಡರು.

ತೆಗೆದೆ. ಅವರು ಅಂಗಿ ಹಾಕಿಕೊಳ್ಳುತ್ತ ಹೇಳಿದರು: "ಚರ್ಮದ್ದು ನನ್ನ ಪಾಲಿಂದು, ಉಪವಾಸ ಮಾಡಿ ಮುಗಿಸೀನಿ. ನನಗ ಸುಳ್ಳ ಹೇಳಿದ್ದು ಇವತ್ತ ಬಿಟ್ನಿ. ನಿಮ್ಮ ಅಣ್ಣಂದು ನನ್ನ ಕಡೆ ಇಲ್ಲ. ಅಥಣಿಗೆ ಬಸ್ ಅದಾವಲ್ಲ?"

ಬಸ್ಸು ಇದ್ದವು. ಮುಂದಿನ ರವಿವಾರವೇ ಹೋದೆ. ಅಣ್ಣ ಅಟ್ಟೆ ಕೊಯ್ಯುತ್ತಿದ್ದ. ಬಹಳ ಹೊತ್ತಿನ ಮೇಲೆ ಅವನೇ ಕೇಳಿದ: "ಆ ಸವಾಲ್ ಗೌಡ್ರು ಹೆಂಗದಾರೋ?"

ಅದಕ್ಕಿಂತ ಒಳ್ಳೆಯ ಸಂದರ್ಭ ಯಾರು ಕೊಡುತ್ತಾರೆ?

"ಆರಾಮದಾರ" ಎಂದೆ. ಆಮೇಲೆ ಜಾಳಿಗೆಯ ವಿಷಯ ಹೇಳತೊಡಗಿದೆ. ಎಂಥ ದಾರ, ಎಂಥ ಹೊಲಿಗೆ ಎಂದು ಅವನು ಆಸೆಯಿಂದ ಕೇಳಿದ. ಸಂಜೆಯವರೆಗೂ ಹೇಳಿದೆ. ಕೊನೆಯ ಬಸ್ಸಿಗೆ ಬಂದುಬಿಟ್ಟೆ. ಆಮೇಲೆಯೂ ಹೋದೆ. ಪ್ರತಿ ಸಲ ಬೇರೆ ಏನೋ ಮಾತು.

ಒಂದು ಬೇಸಿಗೆಯಲ್ಲಿ ಅಂಗಡಿಯಲ್ಲಿ ಕುಳಿತಲ್ಲೇ ಅಣ್ಣನ ಎದೆಬಡಿತ ನಿಂತಿತು. ಸುದ್ದಿ ಬಂದಾಗ ನಾನು ವಾರ್ಡಿನಲ್ಲಿದ್ದೆ. ರಜೆ ಕೇಳಲು ಸಾಹೇಬರ ಖೋಲಿಗೆ ಹೋದೆ.

"ಯಾರು ತೀರಕೊಂಡ್ರೋ?" ಎಂದು ಅವರು ಕೇಳಿದರು.

"ನಮ್ಮ ಓಣ್ಯಾಗಿನವರೊಬ್ರು ರೀ" ಎಂದೆ.

ಸಾಹೇಬರು ರಜೆಯ ಚೀಟಿಗೆ ಸಹಿ ಹಾಕಿದರು. "ಹೋಗಿ ಬಾ" ಎಂದರು.

ಹೊಸಬರೇ, ಪಟ್ಟಿ ಕಟ್ಟುವ ಮೊದಲು ಯಾರಿಗೆ ಕಟ್ಟುತ್ತೀರಿ, ಅವರು ಅದನ್ನು ಹಾಕಿಕೊಂಡು ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿ. ಯಾರು ಹೊಲಿದದ್ದು ಎಂದು ನಿಮ್ಮನ್ನು ಕೇಳಿದರೆ ಹೆಸರು ಹೇಳಿ. ನನ್ನನ್ನು ಬಹಳ ಜನ ಕೇಳಿದ್ದರು. ಆ ಪಟ್ಟಿ ಹೊಲಿದವನು ನನ್ನ ಒಡಹುಟ್ಟಿದ ಅಣ್ಣ, ಪರಸಪ್ಪ ಯಲ್ಲಪ್ಪ ಸಮಗಾರ.